ನೆಫ್ರಾನ್ ಮಾಡೆಲ್, ಆರನೇ ವಾರ: ಕೊನೆಗೂ ಸೋರಿತು

ನಿನ್ನೆ ರಾತ್ರಿ ಹನ್ನೊಂದಕ್ಕೆ ಏಳನೇ ಕೊಳವೆಯ ಕೆಳಗೆ ಮರಳು ಬಿತ್ತು. ಮೂರು ವಾರದಿಂದ ಕಾದಿದ್ದು ಇದಕ್ಕೇ!

ಕಿಡ್ನಿ ಹೇಗೆ ಕೆಡುತ್ತದೆ ಅಂತ ನೋಡಲು ನಾನು ಕಟ್ಟಿದ ಮಾಡೆಲ್ ಇದು: ಫ್ರೇಮಿಗೆ ಜೋಡಿಸಿದ ಕೊಳವೆಗಳಿಗೆ ಪಂಪು ನೀರು ತಳ್ಳುತ್ತದೆ, ನೀರಿನ ಜೊತೆಗಿರುವ ಮರಳು ಅಂದರೆ ಪ್ರೋಟೀನ್. 12 ಕೊಳವೆ ಅಂದರೆ 12 ನೆಫ್ರಾನ್, ಅಂದರೆ ಕಿಡ್ನಿಯಲ್ಲಿ ರಕ್ತ ಸೋಸುವ ಪುಟ್ಟ ಘಟಕಗಳು. ನಿಜವಾದ ಒಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಇರುತ್ತವೆ. ಪ್ರತಿ ಕೊಳವೆಯ ಬಾಯಿಗೆ ಕಟ್ಟಿದ ನೈಲಾನ್ ಸಾಕ್ಸಿನ ತುಂಡೇ ಪೋಡೋಸೈಟ್. ಬೆರಳು ಹೆಣೆದ ಹಾಗೆ ರಕ್ತನಾಳವನ್ನು ತಬ್ಬಿ, ಪ್ರೋಟೀನ್ ಸೋರದಂತೆ ತಡೆಯುವ ಜೀವಕೋಶ ಇದು. ಸತ್ತರೆ ಅದರ ಜಾಗಕ್ಕೆ ಹೊಸದು ಬರುವುದು ಬಹಳ ಕಡಿಮೆ. ಪಕ್ಕದವು ಹಿಗ್ಗಿ ಆ ಜಾಗ ಮುಚ್ಚಬೇಕು. ಹಿಗ್ಗಿದಲ್ಲಿ ಸೋರಿಕೆ, ಆಮೇಲೆ ಗಾಯದ ಕಲೆ. ಆ ನೆಫ್ರಾನ್ ಕಥೆ ಅಲ್ಲಿಗೆ ಮುಗಿಯಿತು.

ಒಂದು ಮುಚ್ಚಿದರೆ ಅದರ ಹೊರೆ ಉಳಿದವುಗಳ ಮೇಲೆ ಬೀಳಬೇಕು, ಅಲ್ವಾ? ನನ್ನ ಮಾಡೆಲ್‌ನಲ್ಲಿ ಬೀಳಲೇ ಇಲ್ಲ. ತಪ್ಪು ಅಕ್ವೇರಿಯಂ ಪಂಪಿನದು. ದಾರಿ ಕಡಿಮೆಯಾದರೆ ಅದು ನೀರು ತಳ್ಳುವುದನ್ನೇ ಕಡಿಮೆ ಮಾಡುತ್ತದೆ. ದಾರಿ ಕಡಿಮೆಯಾದರೂ ಅಷ್ಟೇ ನೀರು ತಳ್ಳುವ ಪೆರಿಸ್ಟಾಲ್ಟಿಕ್ ಪಂಪ್ ಆರ್ಡರ್ ಮಾಡಿದೆ. 12 ವೋಲ್ಟ್ ಕೇಳಿದರೆ 24 ವೋಲ್ಟ್ ಕಳಿಸಿದರು, ಬದಲಿಸಲು ಒಂಬತ್ತು ದಿನ! ಮೊದಲು ಪ್ರೋಟೀನ್ ಅಂತ ಕೊಳವೆಗೆ ಹಾಕಿದ್ದ ಚಿರೋಟಿ ರವೆ ಊದಿಕೊಂಡು ಬಟ್ಟೆಗೆ ಅಂಟಿತು. ಟೀ ಜಾಲರಿಯಲ್ಲಿ ಜರಡಿ ಹಿಡಿದ ಮರಳು ಸರಿಹೋಯಿತು.

ನಿನ್ನೆ ಒಂದೊಂದಾಗಿ ಆರು ಕೊಳವೆ ಮುಚ್ಚಿದೆ. ಕೆಳಗಿನ ಪಾತ್ರೆಗೆ ಬೀಳುವ ನೀರು ಮಾತ್ರ ಅಷ್ಟೇ ಇತ್ತು. ಸುಮ್ನೆ ನೋಡಿದವರು ಎಲ್ಲ ಸರಿಯಿದೆ ಅನ್ನಬೇಕು. ಆದರೆ ಉಳಿದ ಆರೂ ಬಟ್ಟೆ ಬಲೂನಿನ ಹಾಗೆ ಉಬ್ಬಿದ್ದವು. ನನಗೆ ದೊಡ್ಡಪ್ಪ ನೆನಪಾದರು. ಶುಗರ್ ಇದ್ದರೂ ವರ್ಷಗಟ್ಟಲೆ ಅವರ ಕ್ರಿಯಾಟಿನಿನ್ (ಕಿಡ್ನಿ ಕೆಲಸ ನೋಡುವ ರಕ್ತ ಪರೀಕ್ಷೆ) ನಾರ್ಮಲ್ ಬರುತ್ತಿತ್ತು. ಕಿಡ್ನಿಯ ಸುಮಾರು ಅರ್ಧ ಕೆಲಸ ನಿಲ್ಲುವವರೆಗೂ ಅದು ನಾರ್ಮಲ್ ಆಗಿಯೇ ಇರಬಹುದು. ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಹುಡುಕುವ ಪರೀಕ್ಷೆ ಸೋರಿಕೆಯನ್ನು ಮೊದಲೇ ಹಿಡಿಯುತ್ತದೆ. ಅವರಿಗೆ ಅದನ್ನು ಯಾರೂ ಬರೆದುಕೊಡಲಿಲ್ಲ. ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್.

ಏಳು ನಿಮಿಷಕ್ಕೆ ಮರಳು ಬಿತ್ತು. ಸೋರಿದ್ದನ್ನು ಕ್ಲಿಪ್ ಹಾಕಿ ಮುಚ್ಚಿದೆ. ಮುಂದಿನದು ಮೂರೇ ನಿಮಿಷಕ್ಕೆ, ಅದರ ಮುಂದಿನದು ಒಂದು ನಿಮಿಷವೂ ತಡೆಯಲಿಲ್ಲ. ಕೊನೆಯ ಮೂರರ ಬಟ್ಟೆ ದಾರದ ಸಮೇತ ಕಿತ್ತು ಬಂತು. ನೆಲವೆಲ್ಲ ನೀರು.

ಮುಂದಿನದು ಟ್ಯೂಬ್ಯೂಲ್ ಕೋಶಗಳ ಮಾಡೆಲ್. ಟ್ಯೂಬ್ಯೂಲ್ ಅಂದರೆ ಸೋಸಿದ ನೀರು ಹರಿಯುವ ನೆಫ್ರಾನ್‌ನ ಸಣ್ಣ ನಳಿಕೆ. ದಿನಕ್ಕೆ ಸೋಸುವ ಸುಮಾರು 180 ಲೀಟರ್‌ನಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ವಾಪಸ್ ಹೀರುವುದು ಅವೇ. ಅದಕ್ಕೆ ಆಮ್ಲಜನಕ ಜಾಸ್ತಿ ಬೇಕು, ರಕ್ತ ಕಡಿಮೆಯಾದರೆ ಬೇಗ ಸಾಯುತ್ತವೆ, ಸುತ್ತ ನಾರು ಬೆಳೆಯುತ್ತದೆ. ಇವತ್ತು ಬೆಳಿಗ್ಗೆ ಹೀರುವ ಕೋಶಗಳ ಬದಲಿಗೆ ಸ್ಪಂಜು ತೆಗೆದುಕೊಂಡು, ನಾರಿನ ಬದಲಿಗೆ ಅದಕ್ಕೆ ಫೆವಿಕಾಲ್ ಹಚ್ಚಿ ಒಣಗಿಸಿದೆ. ಹಚ್ಚಿದ ಕಡೆ ನೀರು ಬಿಟ್ಟರೆ ಮೇಲೇ ನಿಲ್ಲುತ್ತದೆ, ಒಂದು ಹನಿಯೂ ಒಳಗಿಳಿಯುವುದಿಲ್ಲ.