ವೀರಗಲ್ಲು ಹುಡುಕಾಟ: ಏಳನೇ ವಾರದ ಲೆಕ್ಕ

ಮೊದಲು ಸೋತ ಕಥೆ ಹೇಳಿಬಿಡುತ್ತೇನೆ. ಹಾಸನದ ಸುತ್ತಲಿನ ಊರುಗಳ ವೀರಗಲ್ಲುಗಳ, ಅಂದರೆ ಕಾಳಗದಲ್ಲಿ ಸತ್ತ ವೀರರ ನೆನಪಿಗೆ ನೆಟ್ಟ ಕಲ್ಲುಗಳ, ಫೋಟೊ ತೆಗೆದು ಪಟ್ಟಿ ಮಾಡೋಣ ಅಂತ ನಮ್ಮ ವಿಭಾಗದ ನೋಟಿಸ್ ಬೋರ್ಡಿಗೆ ಹಾಳೆ ಅಂಟಿಸಿದೆ. ಕೆಳಗೆ ದಪ್ಪಕ್ಷರದಲ್ಲಿ 'ಬಂದವರಿಗೆ ಸರ್ಟಿಫಿಕೇಟ್'. 43 ಜನ ಹೆಸರು ಬರೆಸಿದರು. ಮೊದಲ ಭಾನುವಾರ ಬಸ್ ಸ್ಟ್ಯಾಂಡಿಗೆ ಬಂದವರು ಆರು. ಅದರಲ್ಲಿ ಇಬ್ಬರು ಹನ್ನೊಂದು ಗಂಟೆಗೇ "ಸರ್ಟಿಫಿಕೇಟ್ ಯಾವಾಗ ಸರ್?" ಅಂದರು. ತಪ್ಪು ಅವರದಲ್ಲ. ಆಸೆ ತೋರಿಸಿದ್ದು ನಾನೇ ಅಲ್ವಾ.

ಅವತ್ತು ಊರು ಆರಿಸಿದ್ದು ನಾನು, ಕಲ್ಲು ತೋರಿಸಿದ್ದು ನಾನು, ಮಾತಾಡಿದ್ದೂ ನಾನೇ. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ, ತುದಿಗೆ ಸೂರ್ಯ ಚಂದ್ರ. ನಲವತ್ತು ನಿಮಿಷ ಕೊರೆದೆ. ಕ್ಲಾಸಿಗೆ ಗೋಡೆ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಎರಡು, ಮೂರನೇ ವಾರದ ಬಗ್ಗೆ ಬರೆಯುವಂಥದ್ದೇನಿಲ್ಲ. ನಾಲ್ಕು ಜನ, ಆಮೇಲೆ ಮೂರು.

ನಾಲ್ಕನೇ ವಾರ ಬೇಸರ ಬಂದು, ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಐದನೇ ಸಂಪುಟದ ಪಿಡಿಎಫ್ ಅನ್ನು ವಾಟ್ಸಾಪ್ ಗುಂಪಿಗೆ ಹಾಕಿದೆ. ಹಾಸನ ಜಿಲ್ಲೆಯ ಶಾಸನಗಳು ತಾಲೂಕುವಾರು ಇರುವ, 1902ರ ಪುಸ್ತಕ. "ನಿಮ್ಮೂರು ಇದೆಯಾ ನೋಡಿ" ಅಂತ ಬರೆದು ಸುಮ್ನಾದೆ. ರಾತ್ರಿ ಹನ್ನೊಂದಾದರೂ ಮೆಸೇಜು ನಿಲ್ಲಲಿಲ್ಲ. ಸಕಲೇಶಪುರದ ಹುಡುಗಿಗೆ ಕೋಪ, "ನಮ್ಮ ತಾಲೂಕೇ ಇಲ್ಲ!" ಆಗಿನ ಹೆಸರು ಮಂಜರಾಬಾದ್ ಅಂತ ಇನ್ನೊಬ್ಬ ಕೋಟೆಯನ್ನು ನೆನಪಿಸಿದ. ಬೇಲೂರು ಕಡೆಯವನು ಹಲ್ಮಿಡಿಯನ್ನು ಹುಡುಕಿ ಹುಡುಕಿ ಸೋತ. ಎಲ್ಲಿ ಸಿಗಬೇಕು? ಹಲ್ಮಿಡಿ ಶಾಸನ ಬೆಳಕಿಗೆ ಬಂದದ್ದೇ 1936ರಲ್ಲಿ. ಸ್ವಲ್ಪ ಹೊತ್ತು ಬಿಟ್ಟು ಅವನು ಬರೆದ: "ಹಾಗಾದ್ರೆ ನಮ್ಮೂರಲ್ಲೂ ಯಾವುದೋ ಬಿಟ್ಟುಹೋಗಿರಬಹುದು."

ಮುಂದಿನ ಭಾನುವಾರ ಹದಿನಾಲ್ಕು ಜನ ಬಂದರು. ಊರು ಆರಿಸಿದ್ದು ಅವರೇ. ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಟಿಕೆಟ್ ಇಲ್ಲ, ಹುಡುಗರಿಗೆ ಉಂಟು. ಹಾಗಾಗಿ ಎಲ್ಲರೂ ಹತ್ತತ್ತು ರೂಪಾಯಿ ಹಾಕಿ ಒಂದು ನಿಧಿ ಮಾಡಿದ್ದಾರೆ. ಲೆಕ್ಕದ ಪುಸ್ತಕವನ್ನು ನನಗೆ ಮುಟ್ಟಲು ಬಿಡುವುದಿಲ್ಲ.

ಆರನೇ ವಾರದ ಕಲ್ಲನ್ನು ಮರೆಯುವ ಹಾಗಿಲ್ಲ. ಕೆರೆ ಏರಿಯ ಪಕ್ಕ, ಲಂಟಾನ ಪೊದೆಯೊಳಗೆ, ಮೊಣಕಾಲುದ್ದ ಹೂತು ನಿಂತಿತ್ತು. ಚಿತ್ರದ ಸಾಲುಗಳ ನಡುವಿನ ಪಟ್ಟಿಯಲ್ಲಿ ಬರಹ ಇದೆ ಅಂತ ಬೆರಳಿಗೆ ಗೊತ್ತಾಗುತ್ತಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ. ಮಧ್ಯಾಹ್ನದ ಬಿಸಿಲು ನೇರ ಬಿದ್ದರೆ ಅಕ್ಷರಕ್ಕೆ ನೆರಳೇ ಇರುವುದಿಲ್ಲ. ಒಬ್ಬ ರಂಗೋಲಿ ಪುಡಿ ತಿಕ್ಕೋಣ ಅಂದ. "ಎಂಟುನೂರು ವರ್ಷ ಉಳಿದಿದ್ದನ್ನ ನೀನು ಸವೆಸ್ತೀಯಾ?" ಅಂತ ಹುಡುಗಿಯೊಬ್ಬಳು ಗದರಿದಳು. ಕತ್ತಲಾಗಲಿ, ಟಾರ್ಚ್ ಹಾಕೋಣ ಅಂದೆ. ಅದರ ಹಿಂದಿನ ವಾರ ಹಾಗೇ ಕಾದು ಕೊನೇ ಬಸ್ಸು ತಪ್ಪಿ, ನಾನು ಒಬ್ಬರ ಮನೆಯವರಿಂದ ಬೈಸಿಕೊಂಡಿದ್ದೆ. ಕಾಯೋದು ಬೇಡವೇ ಬೇಡ ಅಂತ ತೀರ್ಮಾನ ಆಯ್ತು. ಹತ್ತಿರದ ಮನೆಯಿಂದ ಕರೀ ಕಂಬಳಿ ತಂದರು. ಕಲ್ಲಿಗೆ ಹೊದಿಸಿ, ಮೂವರು ಒಳಗೆ ತೂರಿ, ಟಾರ್ಚನ್ನು ಕಲ್ಲಿನ ಅಂಚಿಗೆ ಒತ್ತಿ ಅಡ್ಡ ಬೆಳಕು ಹಾಯಿಸಿದರು. ಇದು ನನಗೆ ಹೊಳೆದಿರಲಿಲ್ಲ.

ಕಂಬಳಿಯೊಳಗಿಂದ ದನಿ ಬಂತು. "ತು... ಏನೋ ಒಂದು... ವ." ನಡುವಿನ ಅಕ್ಷರ ಯಾರಿಗೂ ಗೊತ್ತಿಲ್ಲ. ಫೋಟೊ ನೋಡಿದೆ. ಈಗ ವರ್ಣಮಾಲೆಯಲ್ಲಿ ಕಲಿಸದ, ರ ಥರದ ಹಳೇ ಅಕ್ಷರ ಱ. ಅಷ್ಟು ಮಾತ್ರ ಹೇಳಿದೆ. "ತುಱುವ... ತುರು... ತುರುಗಾಹಿ ರಾಮಣ್ಣ!" ಅಂತ ದನ ಕಾಯುತ್ತಿದ್ದ ವಚನಕಾರರ ಹೆಸರು ಹಿಡಿದು ಒಬ್ಬಳು ಕೂಗಿದಳು. "ದನ ಸರ್! ದನ ಬಿಡಿಸೋಕೆ ಹೋಗಿ ಸತ್ತಿದ್ದಾನೆ!" ಅವಳ ಮನೆಯಲ್ಲೂ ಹಸು ಇವೆ, ಬೆಳಗ್ಗೆ ಡೇರಿಗೆ ಹಾಲು ಹಾಕಿಯೇ ಬಂದಿದ್ದಳು. ತಗ್ಗಿ ಕೆಳಗಿನ ಸಾಲು ನೋಡಿದರೆ, ಹೌದು, ಮೂಲೆಯಲ್ಲಿ ಪುಟ್ಟ ಪುಟ್ಟ ಹಸುಗಳು.

ಈ ವಾರದವರೆಗೆ 19 ಕಲ್ಲು. 11 ರೈಸ್ ಪುಸ್ತಕದಲ್ಲಿವೆ. ಉಳಿದವುಗಳಲ್ಲಿ ಜಾಸ್ತಿ ಬರಹವಿಲ್ಲದವು. ಪುಸ್ತಕದಲ್ಲಿಲ್ಲ ಅಂದ ಮಾತ್ರಕ್ಕೆ ಹೊಸದು ಅಂತ ಕುಣಿಯೋ ಹಾಗಿಲ್ಲ. ಮೈಸೂರು ವಿಶ್ವವಿದ್ಯಾಲಯ ತಂದ ಅದೇ ಪುಸ್ತಕದ ಪರಿಷ್ಕೃತ ಸಂಪುಟಗಳನ್ನೂ ನೋಡಬೇಕು. ಆ ಕೆಲಸ ಇಬ್ಬರು ವಹಿಸಿಕೊಂಡಿದ್ದಾರೆ. ಸರ್ಟಿಫಿಕೇಟ್ ವಿಷಯ ಯಾರೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಮುಂದಿನ ಭಾನುವಾರ ಅರಸೀಕೆರೆ ಕಡೆಗೆ. ಗುಂಪಿನಲ್ಲಿ ಹೊರಡುವ ಟೈಮ್ ಹಾಕಿದ್ದಾರೆ. ನನ್ನ ಹೆಸರಿನ ಮುಂದೆ ಒಂದೇ ಸಾಲು: "ಸರ್, ಟಾರ್ಚ್ ಚಾರ್ಜ್ ಮಾಡಿ ಕೊಡಿ."