ಹಿಮ ಬೀಳುವಾಗ ಕಾಲೇಜಿಗೆ ರಜೆ

ಅಕ್ಕನ ಮಗಳಿಗೆ ಜೆಇಇ ರ‍್ಯಾಂಕ್ ಬಂದ ಮೇಲೆ ಅಕ್ಕ ನನಗೆ ಫೋನ್ ಮಾಡಿದಳು. "ಕಾಲೇಜುಗಳ ಪಟ್ಟಿ ತುಂಬಿಸಬೇಕು. ನೀನೇ ಬಂದು ಕೂತು ಹೇಳು, ನಮ್ಮ ಮಾತು ಕೇಳೋದಿಲ್ಲ ಇವಳು" ಅಂದಳು. ಕಾರವಾರದಿಂದ ಕುಮಟಾಕ್ಕೆ ಬಂದು, ದೇವಿಮನೆ ಘಟ್ಟ ಹತ್ತಿ ಶಿರಸಿ ಮುಟ್ಟುವಾಗ ಜೂನ್ ಮಳೆ ಜೋರಾಗಿ ಹಿಡಿದಿತ್ತು. ಅಕ್ಕನ ಊರು ಶಿರಸಿಯಿಂದ ಇನ್ನೂ ಒಳಗೆ. ಕರೆಂಟ್ ಇರಲಿಲ್ಲ. ಮಳೆಗಾಲದಲ್ಲಿ ಅಲ್ಲಿ ಕರೆಂಟ್ ಇದ್ದರೇ ಸುದ್ದಿ.

ಕೂಸಿನ ಬೇಡಿಕೆ ಒಂದೇ. ಓದು ಸಿವಿಲ್ ಇಂಜಿನಿಯರಿಂಗ್ ಆಗಬೇಕು, ಕಾಲೇಜಿನ ಹತ್ತಿರ ಸ್ಕೀಯಿಂಗ್, ಅಂದರೆ ಕಾಲಿಗೆ ಉದ್ದ ಪಟ್ಟಿ ಕಟ್ಟಿ ಹಿಮದ ಮೇಲೆ ಜಾರುವ ಆಟ, ಆಡುವಷ್ಟು ಹಿಮ ಇರಬೇಕು.

ಈ ಹುಚ್ಚು ಹತ್ತಿದ್ದು ಉತ್ತರಾಖಂಡದ ಔಲಿಯಲ್ಲಿ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಡೆಹ್ರಾಡೂನ್‌ನಲ್ಲಿರುವ ಅವಳ ಚಿಕ್ಕಪ್ಪ ಶಾಲೆಗೆ ರಜೆ ಹಾಕಿಸಿ ಕರೆದುಕೊಂಡು ಹೋಗಿದ್ದರು. ಏಳು ದಿನದ ಕೋರ್ಸ್. ಮೊದಲು ಕಲಿಸಿದ್ದು ಪೆಟ್ಟಾಗದ ಹಾಗೆ ಬೀಳುವುದು, ಬಿದ್ದ ಮೇಲೆ ಏಳುವುದು. ಆಮೇಲೆ ಎರಡೂ ಸ್ಕೀಗಳ ಮೂತಿ ಹತ್ತಿರ ತಂದು, ಹಿಂದಿನ ತುದಿ ಅಗಲ ಮಾಡಿ ವೇಗ ತಗ್ಗಿಸುವುದು. ಅದನ್ನು ಜಗಲಿಯ ಮೇಲೆ ಮೊಣಕಾಲು ಬಗ್ಗಿಸಿ ನಿಂತು ನನಗೆ ತೋರಿಸಿದಳು. ಒಳಗಿನಿಂದ ಅವಳ ಅಜ್ಜಿ ಕೇಳಿದರು, "ಓದಲೆ ಹೋಪದನೇ ಕೂಸೆ, ಜಾರಲೆ ಹೋಪದನೇ?"

ಯಾರೂ ಜಾರಿ ಬೀಳಬಾರದು ಅಂತ ಮಳೆಗಾಲ ಪೂರ್ತಿ ಅಂಗಳಕ್ಕೆ ಅಡಿಕೆ ದಬ್ಬೆ ಹಾಕುವ ಮನೆ ಅದು. ಅಜ್ಜಿ ಕೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ನನಗೆ ಕೂಸಿನ ಬೇಡಿಕೆ ತೀರಾ ಹುಡುಗಾಟ ಅನ್ನಿಸಲಿಲ್ಲ. ಗೆಳೆಯರು ಸೇರಿದರು ಅಂತ ಕಾಲೇಜು ಸೇರುವವರಿದ್ದಾರೆ. ವಾರ ವಾರ ಮನೆಗೆ ಬರಬಹುದು ಅಂತ ಸೇರುವವರಿದ್ದಾರೆ. ಅವರನ್ನು ನೋಡಿ ಯಾರೂ ನಗುವುದಿಲ್ಲ, ಅಲ್ವಾ?

ಭಾವನ ಲೆಕ್ಕ ಸುರತ್ಕಲ್‌ನ ಎನ್‌ಐಟಿ, ಕೇಂದ್ರ ಸರ್ಕಾರದ ಇಂಜಿನಿಯರಿಂಗ್ ಕಾಲೇಜು. ಎನ್‌ಐಟಿಗಳಲ್ಲಿ ಅರ್ಧ ಸೀಟು ಆಯಾ ರಾಜ್ಯದವರಿಗೆ ಮೀಸಲು. ಅದನ್ನು ಬಿಟ್ಟು ದೂರ ಹೋಗುವುದು ಅವರಿಗೆ ಅರ್ಥವೇ ಆಗುತ್ತಿರಲಿಲ್ಲ. ನಾನೂ ಸುಮ್ನೆ ಒಂದು ಮಾತು ಸೇರಿಸಿದೆ, "ಅಲ್ಲಿ ಕಾಲೇಜಿಗೆ ತಾಗಿಯೇ ಸಮುದ್ರ ಇದೆಯಲ್ಲ."

"ಸಮುದ್ರ ಕುಮಟಾದಲ್ಲೇ ಇದೆ ಮಾವ."

ಮೊದಲು ಮಂಡಿಯ ಐಐಟಿ ನೋಡಿದೆವು. ಹಿಮಾಚಲ ಅಂದ ಕೂಡಲೇ ಕಿಟಕಿ ತೆರೆದರೆ ಹಿಮ ಅಂತ ಅಕ್ಕ ತಿಳಿದಿದ್ದಳು. ಹಾಗೇನಿಲ್ಲ. ಕ್ಯಾಂಪಸ್ ಇರುವ ಕಮಾಂದ್ ಕಣಿವೆ ಸುಮಾರು 1,000 ಮೀಟರ್ ಎತ್ತರದಲ್ಲಿದೆ. ಸ್ಕೀಯಿಂಗ್ ನಡೆಯುವ ಸೋಲಾಂಗ್ ಇರುವುದು ಮನಾಲಿಯಿಂದಲೂ ಆಚೆ. ಮಂಡಿಯಿಂದ 100 ಕಿಲೋಮೀಟರಿಗೂ ಜಾಸ್ತಿ, ಅದೂ ಬೆಟ್ಟದ ರಸ್ತೆ. ಭಾನುವಾರ ಹೋಗಿ ಬರುವ ಮಾತಲ್ಲ. ಅವಳ ರ‍್ಯಾಂಕಿಗೆ ಅಲ್ಲಿ ಸೀಟು ಸಿಗುವುದೂ ಅನುಮಾನವೇ ಇತ್ತು.

ಉಳಿದದ್ದು ಶ್ರೀನಗರದ ಎನ್‌ಐಟಿ. ಭಾವ ಕನ್ನಡಕ ತೆಗೆದಿಟ್ಟು ತೋಟದ ಕಡೆ ನೋಡುತ್ತಾ ಕೂತರು. ಕಾಶ್ಮೀರದ ಬಗ್ಗೆ ಅವರ ಭಯ ಸುಳ್ಳಲ್ಲ, ಅದಕ್ಕೆ ನನ್ನ ಹತ್ತಿರ ಉತ್ತರವೂ ಇರಲಿಲ್ಲ. ಪರಿಚಯದವರ ಮೂಲಕ ಅಲ್ಲಿ ಓದುವ ಕನ್ನಡದ ಹುಡುಗನೊಬ್ಬನ ನಂಬರ್ ಸಿಕ್ಕಿತು. ಗುಡ್ಡ ಹತ್ತಿ, ನೆಟ್‌ವರ್ಕ್ ಸಿಗುವ ಕಡೆ ಕೊಡೆ ಹಿಡಿದು ನಿಂತು ಮಾತಾಡಿದೆವು. ಕ್ಯಾಂಪಸ್ ಹಜರತ್‌ಬಲ್‌ನಲ್ಲಿ, ದಾಲ್ ಸರೋವರದ ಪಕ್ಕದಲ್ಲೇ. ಸ್ಕೀಯಿಂಗ್ ನಡೆಯುವ ಗುಲ್ಮಾರ್ಗ್ ಅಲ್ಲಿಂದ ಸುಮಾರು 50 ಕಿಲೋಮೀಟರ್. ದಾರಿಯಲ್ಲಿ ಸಿಗುವ ತಂಗ್‌ಮಾರ್ಗ್‌ವರೆಗೆ ಆರಾಮ. ಅಲ್ಲಿಂದ ಮೇಲೆ ಹಿಮ ಜಾಸ್ತಿ ಇದ್ದರೆ ಗಾಡಿಯ ಚಕ್ರಕ್ಕೆ ಸರಪಳಿ ಕಟ್ಟಬೇಕು. ಇಷ್ಟು ಹೇಳಿ ಅವನು ನಕ್ಕ. "ಆದ್ರೆ ಮಾವ, ಹಿಮ ಬೀಳುವಾಗ ಕಾಲೇಜೇ ಇರೋದಿಲ್ಲ. ಚಳಿಗೆ ದೊಡ್ಡ ರಜೆ. ನಾವೆಲ್ಲ ಊರಲ್ಲಿರ್ತೀವಿ."

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಕೂಸು ಮಾತ್ರ ಅಲ್ಲೇ ಕುಣಿದಳು. ಗುಲ್ಮಾರ್ಗ್‌ನಲ್ಲಿ ಸ್ಕೀಯಿಂಗ್ ಕಲಿಸಲಿಕ್ಕೇ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸಂಸ್ಥೆ ಇದೆ. ದಿನವಿಡೀ ನಡೆಯುವ ಕೋರ್ಸನ್ನು ರಜೆ ಇಲ್ಲದೆ ಮಾಡುವುದು ಹೇಗೆ? ಮಾರ್ಚ್‌ನಲ್ಲೂ ಮೇಲೆ ಹಿಮ ಇರುತ್ತದೆ, ಆಗ ಭಾನುವಾರಗಳು ಹೇಗೂ ಇವೆ. ಅವಳು ಹೇಳಿದ್ದು ಸರಿಯೇ ಅನ್ನಿಸಿತು. ಕಿಲೋಮೀಟರಿಗಿಂತ ರಜೆಯ ತಿಂಗಳು ನೋಡಬೇಕು. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಎಂಎಸ್ ಮಾಡುತ್ತಿರುವ ನಮ್ಮ ನೆಂಟರ ಹುಡುಗನಿಗೆ ಈ ತಾಪತ್ರಯ ಇಲ್ಲ. ಅವನ ವಿಶ್ವವಿದ್ಯಾಲಯದ ಸ್ಟೇಡಿಯಂನಲ್ಲೇ 2002ರ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆ ಆಗಿತ್ತು. ಆಲ್ಟಾ, ಸ್ನೋಬರ್ಡ್ ಎಂಬ ಸ್ಕೀ ಜಾಗಗಳು ಊರಿನ ಪಕ್ಕದ ಕಣಿವೆಯಲ್ಲೇ ಇವೆ, ಚಳಿಗಾಲದಲ್ಲಿ ಬಸ್ಸೂ ಹೋಗುತ್ತದೆ. ಬೆಳಿಗ್ಗೆ ಜಾರಿ ಮಧ್ಯಾಹ್ನ ಕ್ಲಾಸಿಗೆ ಕೂರುವವರೂ ಇದ್ದಾರಂತೆ. ಅವನ ಖರ್ಚು ಕೇಳಿದರೆ ಮಾತ್ರ ನಮ್ಮ ಕಾಲು ಇಲ್ಲೇ ಜಾರುತ್ತದೆ.

ಹಿಮವೂ ಕೈ ಕೊಡುತ್ತದೆ ಅಂತ ನಾನು ಹೇಳಿದೆ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಹೆಚ್ಚು ಕಡಿಮೆ ತಿಂಗಳು ಪೂರ್ತಿ ಒಣಗಿ ನಿಂತಿತ್ತು. ಫೆಬ್ರವರಿ ಮೊದಲ ವಾರ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಮುಂದೆ ಹಾಕಿದರು. ಭಾವ ಮೊದಲ ಸಲ ನಮ್ಮ ಕಡೆ ತಿರುಗಿದರು. "ಅಲ್ಲೂ ಹಾಗೇ ಆಗ್ತದಾ? ಆಮೇಲೆ ಬಿತ್ತಾ?" ಅಂತ ವಿವರವಾಗಿ ಕೇಳಿದರು. ಹವಾಮಾನದ ಮಾತು ಬಂದರೆ ಅಡಿಕೆ ಬೆಳೆಗಾರರಿಗೆ ಸುಮ್ಮನಿರಲಾಗುವುದಿಲ್ಲ.

ಕೊನೆಗೆ ರಾಜಿ ಆಯಿತು. ಸುರತ್ಕಲ್ ಸಿವಿಲ್ ಮೇಲೆ, ಶ್ರೀನಗರ ಅದರ ಕೆಳಗೆ. ಶಿರಸಿ ಪೇಟೆಗೆ ಹೋಗಿ, ಜನರೇಟರ್ ಇದ್ದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೂತು ತುಂಬಿಸಿ ಲಾಕ್ ಮಾಡಿದೆವು. ಭಾವ ನೆಮ್ಮದಿಯಾಗಿದ್ದರು. ಕೂಸು ಅವರಿಗಿಂತ ನೆಮ್ಮದಿಯಾಗಿದ್ದಳು, ಯಾಕೆಂದರೆ ಹಿಂದಿನ ವರ್ಷದ ಕಟ್‌ಆಫ್ ಅವಳು ಮೊದಲೇ ನೋಡಿಟ್ಟಿದ್ದಳು.

ಶ್ರೀನಗರವೇ ಬಂತು. ಭಾವ ಕೆಲವು ದಿನ ಜಾಸ್ತಿ ಮಾತಾಡಲಿಲ್ಲ, ಆದರೆ ಕೊಟ್ಟ ಮಾತು ತಪ್ಪಲೂ ಇಲ್ಲ. ಹೊಸ ಜಗಳ ಶುರುವಾದದ್ದು ಅಕ್ಕ ರಜೆಯ ಲೆಕ್ಕ ಹಾಕಿದಾಗ. ವರ್ಷದ ದೊಡ್ಡ ರಜೆಯೇ ಹಿಮಕ್ಕೆ ಹೋದರೆ ಮನೆಗೆ ಬರುವುದು ಯಾವಾಗ? ನಮ್ಮಲ್ಲಿ ಅಡಿಕೆ ಕೊನೆಗಳ ಕೊಯ್ಲು ನಡೆಯುವುದೂ ಅದೇ ಹೊತ್ತಿಗೆ. ಮನೆಯಲ್ಲಿ ಎಷ್ಟು ಕೈ ಇದ್ದರೂ ಸಾಲದು.

"ಜನವರಿ ಗುಲ್ಮಾರ್ಗ್, ಫೆಬ್ರವರಿ ಮನೆ" ಅಂದಳು ಕೂಸು.

"ಫೆಬ್ರವರಿಗೆ ಕೊಯ್ಲು ಮುಗಿದಿರ್ತದೆ" ಅಂದರು ಭಾವ.

"ಸುಲಿಯೋದೂ ಮುಗಿದಿರ್ತದೆ ಅಪ್ಪಯ್ಯ."