ರೋಬೋ ಕೇಸಿನಲ್ಲಿ ಎ-1 ಯಾರು?

7 ಡಿಸೆಂಬರ್ 2024, ಶನಿವಾರ
ಬಿಡದಿ

ಭಾಮೈದನಿಗೆ ಸಬ್ ಇನ್‌ಸ್ಪೆಕ್ಟರ್ ಆಗಿ ವರ್ಗವಾಗಿದೆ, ಠಾಣೆ ವ್ಯಾಪ್ತಿಯಲ್ಲಿ ಕಾರ್ಖಾನೆಗಳೇ ಜಾಸ್ತಿಯಂತೆ. ರಾತ್ರಿ ಊಟಕ್ಕೆ ಬಂದವನು ಕೈ ತೊಳೆಯೋ ಮುಂಚೆಯೇ ಶುರು ಮಾಡಿದ: "ಭಾವ, ನಾಳೆ ಯಾವುದೋ ರೋಬೋ ಕೆಟ್ಟು ಒಬ್ಬನ್ನ ಹೊಡೆದು ಸಾಯಿಸ್ತು ಅಂತಿಟ್ಕೊಳ್ಳಿ. ಎಫ್‌ಐಆರ್‌ನಲ್ಲಿ ಎ-1, ಅಂದ್ರೆ ಮೊದಲ ಆರೋಪಿ ಅಂತ ಯಾರನ್ನ ಹಾಕೋದು?"

ಮೊದಲು 'ಕೆಟ್ಟಿತ್ತು' ಅನ್ನೋದನ್ನೇ ಅನುಮಾನಿಸಪ್ಪ ಅಂದೆ. ಇಷ್ಟು ವರ್ಷ ವೆಲ್ಡಿಂಗ್ ಲೈನಿನ ಮೇಂಟೆನೆನ್ಸ್ ಮಾಡಿದ ಮೇಲೆ ನನ್ನ ಅಭಿಪ್ರಾಯ ಇಷ್ಟೇ, ಜನ ಸಾಯೋದು ಹೆಚ್ಚಾಗಿ ಸರಿಯಾಗಿ ಕೆಲಸ ಮಾಡ್ತಿರೋ ರೋಬೋ ಕೈಯಲ್ಲೇ.

1981ರಲ್ಲಿ ಜಪಾನಿನ ಆಕಾಶಿಯ ಕಾರ್ಖಾನೆಯಲ್ಲಿ ಸತ್ತವನು ರೋಬೋ ಸುತ್ತಲಿನ ಬೇಲಿಯ ಗೇಟು ತೆಗೆದಿದ್ದರೆ ಕರೆಂಟ್ ಕಟ್ ಆಗ್ತಿತ್ತು. ಅವನು ಬೇಲಿ ಹಾರಿ ಒಳಗೆ ಹೋಗಿದ್ದ ಅಂತ ತನಿಖೆಯಲ್ಲಿ ಹೊರಬಂತು. ಅದಕ್ಕೂ ಎರಡು ವರ್ಷ ಮೊದಲು ಅಮೆರಿಕದ ಮಿಷಿಗನ್‌ನಲ್ಲಿ ಬಿಡಿಭಾಗ ಎತ್ತಿ ಕೊಡುವ ಯಂತ್ರ ಸ್ಟಾಕ್ ಲೆಕ್ಕ ತಪ್ಪು ತೋರಿಸ್ತಿದೆ ಅಂತ ಒಬ್ಬ ಕಾರ್ಮಿಕ ರ‍್ಯಾಕ್ ಹತ್ತಿದ. ಅದರ ಕೈ ಸದ್ದಿಲ್ಲದೆ ಬಂದು ಹೊಡೀತು. 1983ರಲ್ಲಿ ಜ್ಯೂರಿ ಅವನ ಮನೆಯವರಿಗೆ 1 ಕೋಟಿ ಡಾಲರ್ ಪರಿಹಾರ ಕೊಡಿಸಿತು. ಕೊಡಬೇಕಾಗಿ ಬಂದದ್ದು ಯಂತ್ರ ಮಾಡಿದ ಕಂಪನಿ. ಕಳೆದ ವರ್ಷ ನವೆಂಬರ್‌ನಲ್ಲಿ ದಕ್ಷಿಣ ಕೊರಿಯಾದಲ್ಲಿ ಸೆನ್ಸರ್ ಪರೀಕ್ಷೆ ಮಾಡ್ತಿದ್ದವನನ್ನ ರೋಬೋ ದಪ್ಪ ಮೆಣಸಿನಕಾಯಿ ಪೆಟ್ಟಿಗೆ ಅಂದ್ಕೊಂಡು ಎತ್ತಿ ಕನ್ವೇಯರ್‌ಗೆ ಒತ್ತಿತು. ಇದೊಂದನ್ನ ಬೇಕಾದರೆ 'ಕೆಟ್ಟಿತ್ತು' ಅನ್ನಬಹುದು. ಆದರೆ ಅಲ್ಲಿಯ ಪೊಲೀಸರೂ ಹುಡುಕಿದ್ದು ಸುರಕ್ಷತೆ ನೋಡಿಕೊಳ್ಳಬೇಕಿದ್ದ ಮನುಷ್ಯರನ್ನೇ.

"ನಮ್ಮ ದೇಶದಲ್ಲಿ?" ಅಂದ. 2015ರ ಆಗಸ್ಟ್, ಹರಿಯಾಣದ ಮಾನೇಸರ್. 24 ವರ್ಷದ ಹುಡುಗ, ಜಾರಿದ್ದ ಶೀಟು ಸರಿಮಾಡೋಕೆ ವೆಲ್ಡಿಂಗ್ ರೋಬೋ ಹತ್ತಿರ ಹೋಗಿದ್ದ. ಆ ಕೆಲಸ ನಮ್ಮ ಲೈನಿನಲ್ಲೂ ದಿನಾ ಇರುತ್ತೆ. ಅದನ್ನ ಹೇಳುವಾಗ ಹೆಂಡತಿ ನನ್ನ ಮುಖ ನೋಡಿದಳು, ಮಾತು ಬದಲಾಯಿಸಿದೆ.

ಸ್ಥಳಕ್ಕೆ ಹೋದರೆ ಏನು ನೋಡಬೇಕು ಅಂತ ಕೇಳಿದ. ಬೇಲಿ ಗೇಟಿನ ಸ್ವಿಚ್ ನೋಡು ಅಂದೆ, ಗೇಟು ತೆಗೆದರೆ ರೋಬೋ ನಿಲ್ಲಿಸೋದು ಅದೇ. ಬಾಗಿಲಿಗೆ ಒಂದು ಲೋಹದ ನಾಲಿಗೆ ಇರುತ್ತೆ, ಬಾಗಿಲು ಮುಚ್ಚಿದಾಗ ಅದು ಸ್ವಿಚ್ಚಿನೊಳಗೆ ಕೂರಬೇಕು. ಟಾರ್ಗೆಟ್ ಒತ್ತಡ ಇರೋ ಕಡೆ ಸ್ಪೇರ್ ನಾಲಿಗೆಯೊಂದನ್ನ ತಂದು ಸ್ವಿಚ್ಚಿಗೆ ಸಿಕ್ಕಿಸಿ ಕೇಬಲ್ ಟೈ ಬಿಗಿದಿರ್ತಾರೆ. ಬಾಗಿಲು ಹಾರು ಹೊಡೆದಿದ್ದರೂ ರೋಬೋ ಲೆಕ್ಕದಲ್ಲಿ ಮುಚ್ಚಿದೆ! ಟೈ ಮೇಲೆ ಧೂಳು, ಗ್ರೀಸ್ ಕೂತು ಕಪ್ಪಾಗಿದ್ದರೆ ಅದು ನಿನ್ನೆಯ ಕೆಲಸ ಅಲ್ಲ, ಸೂಪರ್‌ವೈಸರ್‌ಗೆ ಗೊತ್ತಿಲ್ಲದೆ ನಡೆದದ್ದೂ ಅಲ್ಲ. ಫೋಟೋ ತೆಗೆಯೋವರೆಗೆ ಯಾರನ್ನೂ ಮುಟ್ಟೋಕೆ ಬಿಡಬೇಡ, ನೀನು ಮಹಜರ್ ಹಾಳೆ ತೆಗೆಯೋದ್ರೊಳಗೆ ಟೈ ಮಾಯ ಆಗಿರುತ್ತೆ.

ಆಮೇಲೆ ಕಂಟ್ರೋಲರ್, ಅಂದ್ರೆ ರೋಬೋ ನಡೆಸೋ ಕಂಪ್ಯೂಟರ್ ಪೆಟ್ಟಿಗೆ. ಯಾವ ಅಲಾರ್ಮ್ ಎಷ್ಟು ಗಂಟೆಗೆ ಬಂತು ಅನ್ನೋದು ಅದರಲ್ಲಿ ದಾಖಲಾಗಿರುತ್ತೆ. ಲೈನ್ ಮತ್ತೆ ಓಡಿಸಿದರೆ ಹೊಸ ಅಲಾರ್ಮ್‌ಗಳು ಬಂದು ಹಳೆಯವು ಹೊರಗೆ ಬೀಳುತ್ತಾ ಹೋಗ್ತವೆ, ಹಾಗಾಗಿ ಮೊದಲೇ ಬ್ಯಾಕಪ್ ತೆಗೆಸು. ಅದರ ಗಡಿಯಾರ ನಿನ್ನ ವಾಚಿಗಿಂತ ಎಷ್ಟು ಹಿಂದೆ ಮುಂದೆ ಇದೆ ಅಂತಲೂ ಬರೆದುಕೋ, ಕೋರ್ಟಿನಲ್ಲಿ ವಕೀಲರು ಕೇಳೋ ಮೊದಲ ಪ್ರಶ್ನೆ ಅದೇ. ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಯವರು ಬರೋವರೆಗೆ ಯಾವ ಬಟನ್ನೂ ಬೇಡ. ನಿಂತಿರೋ ರೋಬೋ ಆಫ್ ಆಗಿದೆ ಅಂತ ಅರ್ಥ ಅಲ್ಲ. ಎಷ್ಟೋ ಸಲ ಒಂದು ಸಿಗ್ನಲ್‌ಗೆ ಕಾಯ್ತಾ ನಿಂತಿರುತ್ತೆ, ಮಹಜರಿಗೆ ಸಾಕ್ಷಿಯಾಗಿ ಬಂದ ಪಂಚರಲ್ಲಿ ಒಬ್ಬ ಸೆನ್ಸರ್ ಮುಂದೆ ಕೈ ಆಡಿಸಿದರೂ ಸಾಕು.

ಸೆಕ್ಷನ್‌ಗಳು ಅವನಿಗೇ ಗೊತ್ತಿದ್ದವು. ಜುಲೈನಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ನಿರ್ಲಕ್ಷ್ಯದಿಂದ ಸಾವು 106, ಐದು ವರ್ಷದವರೆಗೆ ಜೈಲು. ಯಂತ್ರದ ವಿಷಯದಲ್ಲಿ ನಿರ್ಲಕ್ಷ್ಯಕ್ಕೆ 289, ಅದಕ್ಕೆ ಆರೇ ತಿಂಗಳು.

"ಹಾಗಾದ್ರೆ ಟೈ ಬಿಗಿದವನೇ ಎ-1" ಅಂತ ತೀರ್ಮಾನಕ್ಕೆ ಬಂದ. ಅಲ್ಲೇ ನಮಗೆ ಜಗಳ ಹತ್ತಿದ್ದು. ಬಿಗಿದವನು ಗುತ್ತಿಗೆ ಹುಡುಗ, ಆಮೇಲೆ ಅವನೇ ಸತ್ತಿರೋ ಸಾಧ್ಯತೆಯೂ ಇದೆ. ಸ್ಪೇರ್ ನಾಲಿಗೆ ಸ್ಟೋರಿನಿಂದ ಯಾರ ಸಹಿಯಲ್ಲಿ ಹೊರಗೆ ಬಂತು, ಅದನ್ನ ಬರೆದಿರೋ ಇಂಡೆಂಟ್ ಬುಕ್ (ಸ್ಟೋರಿನಿಂದ ಸಾಮಾನು ಕೇಳಿ ಪಡೆಯೋ ಪುಸ್ತಕ) ಜಪ್ತಿ ಮಾಡು ಅಂದೆ. ಪೊಲೀಸರು ಸ್ಟೋರ್ ರಿಜಿಸ್ಟರ್ ನೋಡ್ತಾ ಕೂತರೆ ಮೇಲಿನವರು ನಗ್ತಾರೆ ಅಂತ ಅವನ ವಾದ. ಹನ್ನೊಂದು ಗಂಟೆಯಾದರೂ ಒಪ್ಪಲಿಲ್ಲ.

ಹೊರಡುವಾಗ ಮಾತ್ರ 'ಇಂಡೆಂಟ್' ಅಂತ ಫೋನಿನಲ್ಲಿ ಬರೆದುಕೊಂಡದ್ದನ್ನ ನೋಡಿದೆ.